ಬಿಲ್ಲಿನಲ್ಲಿ ಇಲ್ಲದ ಆಪರೇಷನ್

ಜಮಖಂಡಿಯ ನಮ್ಮ ಆಸ್ಪತ್ರೆಯ ಪ್ರಹ್ಲಾದ ಡಾಕ್ಟರು ಪ್ರಬಂಧ ಬರೆದಿದ್ದರು. ಮೂರು ವರ್ಷದಲ್ಲಿ ನಾನೂರಾ ಹನ್ನೆರಡು ಹರ್ನಿಯಾ ಆಪರೇಷನ್, ಒಂದೂ ಮರುಕಳಿಸಿಲ್ಲ. ಆದ್ದರಿಂದ ನೇಕಾರರು ಹದಿನೈದು ದಿನಕ್ಕೆ ಮಗ್ಗಕ್ಕೆ ಕೂರಬಹುದು. ಇಷ್ಟೇ ಅದರ ಸಾರ. ಲೆಕ್ಕ ತೆಗೆದದ್ದು ಬಿಲ್ಲುಗಳಿಂದ. ಹದಿನೈದು ದಿನ ಎಂದು ಬರೆದ ಸೂಚನೆಯ ಹಾಳೆ, ಪ್ರತಿ ರೋಗಿಯ ಕೈಗೆ ಕೊಡುವಂಥದ್ದು, ಅಂದೇ ಪ್ರೆಸ್ಸಿಗೆ ಹೋಗುವುದಿತ್ತು.

ಒಂದೂ ಇಲ್ಲವಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷದಿಂದ ಓಟಿಯಲ್ಲಿ ಇವರ ಕೈಗೆ ಕತ್ತರಿ ಕೊಡುವ ನರ್ಸು ನಾನು. ರಬಕವಿಯ ನೇಕಾರ ಗಿರಮಲ್ಲಪ್ಪನನ್ನು ನಾಲ್ಕು ತಿಂಗಳಲ್ಲಿ ಎರಡು ಸಲ ಕೊಯ್ದವರು ಇವರೇ.

ಬಿಲ್ ಮಾಡುವ ಸುಭಾಷನ ಮುಂದೆ ಹೋಗಿ ನಿಂತೆ. ಅವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಅದೇ ಜಾಗದ ಹರ್ನಿಯಾಕ್ಕೆ ವಿಮೆಯವರು ವರ್ಷದೊಳಗೆ ಎರಡನೇ ಸಲ ಮಂಜೂರಿ ಕೊಡುವುದಿಲ್ಲವಂತೆ. ಹಾಗಾಗಿ ಎರಡನೆಯದನ್ನು ಕುರು ತೆಗೆದದ್ದು ಎಂದು ಹಾಕುತ್ತಾನಂತೆ.

"ಖರೆ ಬರ್ದಿದ್ರ ಅಂವಾ ಮಗ್ಗಾ ಮಾರಿ ರೊಕ್ಕಾ ಕಟ್ಟಬೇಕಾಗ್ತಿತ್ರಿ ಸಿಸ್ಟರ್. ನಾ ಬರದದ್ದು ಮಂಜೂರಿಗೆ, ಡಾಕ್ಟರ್ ಪ್ರಬಂಧಕ್ಕಲ್ಲ."

ಇನ್ನು ಇವನನ್ನು ಬೈಯುವಂತೆಯೂ ಇರಲಿಲ್ಲ. ಆ ಸಿಟ್ಟೂ ಸೇರಿ, ಪ್ರತಿ ಆಪರೇಷನ್ನನ್ನೂ ನಾವು ನರ್ಸುಗಳು ಬರೆದಿಡುವ ಓಟಿಯ ರಿಜಿಸ್ಟರನ್ನು ಬಗಲಲ್ಲಿ ಹಿಡಿದು ಡಾಕ್ಟರ ಕೋಣೆಗೆ ನುಗ್ಗಿದೆ.

ಅವರು ನಕ್ಕರು. ಬಿಲ್ಲನ್ನು ಮೂರು ಕಡೆ ತಪಾಸಣೆ ಮಾಡಿರುತ್ತಾರೆ, ನರ್ಸುಗಳು ಅವಸರದಲ್ಲಿ ಗೀಚಿದ್ದನ್ನು ಯಾರು ನಂಬಬೇಕು ಎಂದರು. ನೀವೇ ಕೊಯ್ದದ್ದು ನಿಮಗೆ ನೆನಪಿಲ್ಲವೇ ಎಂದೆ. ದಿನಕ್ಕೆ ಆರು ಹೊಟ್ಟೆ ಕೊಯ್ಯುವವನಿಗೆ ಮುಖ ಎಲ್ಲಿ ನೆನಪಿರುತ್ತದೆ ಎಂದರು. ಅದನ್ನೂ ದೊಡ್ಡಸ್ತಿಕೆಯಂತೆ ಹೇಳಿದರು.

ಗಿರಮಲ್ಲಪ್ಪ ಅಂದು ಎರಡನೇ ಆಪರೇಷನ್ನಿನ ಹೊಲಿಗೆ ತೋರಿಸಲು ಬಂದು ಹೊರಗೆ ಕೂತಿದ್ದ. ಕರೆತಂದೆ. ಮೊದಲ ಸಲ ಕೊಯ್ದಮೇಲೆ ಏನಾಯಿತು, ದಿನ ಎಣಿಸಿ ಹೇಳು ಎಂದರು ಡಾಕ್ಟರು. ಅವನು ದಿನ ಎಲ್ಲಿ ಎಣಿಸುತ್ತಾನೆ? ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಹೊಟ್ಟೆಗೆ ಮರದ ದಿಂಡು ಒತ್ತಿಸಿಕೊಂಡು ನೇಯುವವನು.

"ಹದಿನೈದ ದಿನಕ್ಕ ಕೂಡಂದ್ರಿ, ಕುಂತ್ನಿರಿ. ಹದಿನೇಳು ಸೀರಿ ನೇಯ್ದೆ. ಹದಿನೆಂಟನೇದರ ಸೆರಗಿಗೆ ಬಂದಾಗ ಗಂಟು ಮತ್ತ ಹೊರಗ ಬಂತು."

ಬಿಲ್ಲಿನಲ್ಲಿ ಕುರು ಎಂದಿದೆಯಲ್ಲ ಎಂದು ಡಾಕ್ಟರು ಅವನ ಬಿಲ್ಲು ತೆಗೆದು ನೋಡಿ ಗೊಣಗಿದರು. ಗಿರಮಲ್ಲಪ್ಪ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಅಂಗಿ ಮೇಲೆತ್ತಿದ.

"ಬಿಲ್ಲಿನ್ಯಾಗ ಇಲ್ಲಂದ್ರ ನನ್ನ ಹೊಟ್ಟಿ ಮ್ಯಾಲೂ ಇಲ್ಲೇನ್ರಿ?"

ಡಾಕ್ಟರು ಎದ್ದು ಬಂದು ಹಳೆಯ ಗಾಯದ ಮೇಲಿನ ಹೊಸ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಈ ಸಲ ಎಷ್ಟು ದಿನಕ್ಕೆ ಮಗ್ಗಕ್ಕೆ ಕೂಡಲಿ ಎಂದು ಗಿರಮಲ್ಲಪ್ಪ ಕೇಳಿದ. ಯಾವಾಗಲೂ ಥಟ್ಟನೆ ಉತ್ತರಿಸುವವರು, ತಮಗೆ ಗೊತ್ತಿಲ್ಲ ಎಂದರು. ಪ್ರೆಸ್ಸಿನ ಹಾಳೆಯನ್ನು ಹರಿದು ರಿಜಿಸ್ಟರನ್ನು ಎಳೆದುಕೊಂಡರು.

ಡಾಕ್ಟರು ಕರೆಸಿದ ಸುಭಾಷ ಬಿಲ್ಲಿನ ಹೆಸರು ಓದುತ್ತ ಹೋದ, ನಾನು ರಿಜಿಸ್ಟರಿನಲ್ಲಿ ಹುಡುಕುತ್ತ ಹೋದೆ. ಸಂಜೆಗೆ ಎರಡೆರಡು ಸಲ ಕೊಯ್ಸಿಕೊಂಡ ಮೂವತ್ತೊಂದು ಜನ ಸಿಕ್ಕರು. ಪ್ರತಿ ಹೆಸರಿನ ಮುಂದೆಯೂ ಎರಡೂ ಸಲ ಪ್ರಹ್ಲಾದ ಡಾಕ್ಟರದ್ದೇ ಸಹಿ ಇತ್ತು.