ಒಂಬತ್ತು ಸಹಿಗಳು

ಶವ ಸಾಗಿಸುವ ವ್ಯಾನಿನ ಹಿಂಬಾಗಿಲು ಮುಚ್ಚಲು ಹೊರಟ ಚಾಲಕನ ಕೈಯನ್ನು ಮೇಷ್ಟ್ರ ಹೆಂಡತಿ ಹಿಡಿದುಕೊಂಡರು.

“ಇನ್ನೊಂದು ಹತ್ತು ನಿಮಿಷ ತಡಿಯಪ್ಪ.”

“ಹತ್ತು ನಿಮಿಷ ಅಂತ ಆಗ್ಲೇ ಎರಡು ಸಲ ಆಯ್ತಲ್ಲಮ್ಮ.”

ಕಾರ್ಮಿಕ ಸಂಘದ ಕಾರ್ಯದರ್ಶಿ ಹತ್ತಿರ ಬಂದ. “ಅಕ್ಕಾ, ಮೇಷ್ಟ್ರು ಜನ್ಮದಲ್ಲಿ ಒಂದು ಮೀಟಿಂಗಿಗೂ ತಡವಾಗಿ ಬಂದವರಲ್ಲ. ಇವತ್ತು ನೋಡಿ, ನಾವೇ ಅವರನ್ನ ಲೇಟ್ ಮಾಡ್ತಿದೀವಿ.” ನಗಲು ಹೋದವನು ತೋಳಿನಿಂದ ಕಣ್ಣೊರೆಸಿಕೊಂಡ. “ಯಾರಿಗೆ ಕಾಯ್ತಿದೀರಿ?”

“ಆ ಒಂಬತ್ತು ಜನರಲ್ಲಿ ಒಬ್ಬಳಾದ್ರೂ ಬರ್ತಾಳೇನೋ ಅಂತ.”

“ಹನ್ನೆರಡು ವರ್ಷದಿಂದ ಬರದವರು ಇವತ್ತು ಬರ್ತಾರಾ, ಅಕ್ಕಾ?”

*

ಆಗ ಮೇಷ್ಟ್ರಿಗೆ ಹಗಲು ಶಾಲೆ, ಸಂಜೆ ಸಂಘದ ಕೋಣೆ. ಬಟ್ಟೆ ಕಾರ್ಖಾನೆಯ ಹೆಂಗಸರು ಪಾಳಿ ಮುಗಿಸಿ, ಕೂದಲಲ್ಲಿ ನೂಲಿನ ಚೂರು ಅಂಟಿಸಿಕೊಂಡೇ ಮೇಷ್ಟ್ರ ಮುಂದೆ ಕೂತು ಅಕ್ಷರ ತಿದ್ದುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಶೌಚಾಲಯಕ್ಕೆ ಬೀಗ ಹಾಕುತ್ತಾರೆಂದು ಅರ್ಜಿ ಬರೆದ ದಿನ ಎಲ್ಲರೂ ಎಂದಿನಂತೆ ಹೆಬ್ಬೆಟ್ಟು ಮುಂದೆ ಮಾಡಿದರು. ಪಾಠಕ್ಕೆ ಬರುವವರ ಸರದಿ ಬಂದಾಗ ಮೇಷ್ಟ್ರು ಇಂಕಿನ ಡಬ್ಬಿ ಮುಚ್ಚಿದರು.

“ನೀವು ಹೆಸರು ಬರೀಬೇಕು. ಗುಂಡಗೆ, ಪೂರ್ತಿ.”

ಒಂಬತ್ತು ಜನ ಬರೆದರು. ಮೇಷ್ಟ್ರ ಕಣ್ಣು ತುಂಬಿತ್ತು.

ಇನ್ನೂರು ಹೆಬ್ಬೆಟ್ಟುಗಳಲ್ಲಿ ಯಾವುದು ಯಾರದೆಂದು ಕಾರ್ಖಾನೆಯವರಿಗೆ ತಿಳಿಯಲಿಲ್ಲ. ಓದಲು ಸಿಕ್ಕಿದ್ದು ಒಂಬತ್ತೇ ಹೆಸರು. ವಾರದೊಳಗೆ ಆ ಒಂಬತ್ತು ಜನ ಗೇಟಿನ ಹೊರಗಿದ್ದರು.

ಮೇಷ್ಟ್ರು ಕ್ಷಮೆ ಕೇಳಲು ಒಂಬತ್ತು ಮನೆಗೂ ಹೋದರು. ಎಂಟು ಕಡೆ ಬೈಸಿಕೊಂಡರು. ಎಲ್ಲರಿಗಿಂತ ಮೊದಲು ಸಹಿ ಹಾಕಿದವಳ ಬಾಗಿಲು ಮಾತ್ರ ತೆರೆಯಲೇ ಇಲ್ಲ. “ಬೈದಿದ್ರೆ ಸಮಾಧಾನ ಆಗ್ತಿತ್ತು ಕಣೇ,” ಎಂದು ಹೆಂಡತಿಯ ಮುಂದೆ ಎಷ್ಟೋ ಸಲ ಹೇಳಿದ್ದರು. ಕೊನೆಯ ವಾರ ಮಂಚದಲ್ಲಿ ಮಲಗಿದ್ದಾಗಲೂ ಯಾರಾದರೂ ಬಾಗಿಲು ಬಡಿದರೆ, “ಅವಳಾ ನೋಡು,” ಎನ್ನುತ್ತಿದ್ದರು.

*

ರಸ್ತೆಯ ತಿರುವಿನಿಂದ ಹೆಂಗಸೊಬ್ಬಳು ಓಡುತ್ತ ಬಂದಳು. ಆಸ್ಪತ್ರೆಯಲ್ಲಿ ನೆಲ ಒರೆಸುವವರ ನೀಲಿ ಅಂಗಿ ಮೈಮೇಲೇ ಇತ್ತು. ಮೇಷ್ಟ್ರ ಹೆಂಡತಿಗೆ ಗುರುತು ಸಿಕ್ಕಿತು. ಮೊದಲ ಸಹಿಯವಳು.

“ಅವತ್ತು ನಾನು ಮನೇಲೇ ಇದ್ದೆ ಅಕ್ಕಾ,” ಎಂದು ಏದುಸಿರು ಬಿಟ್ಟಳು. “ಬಾಗಿಲ ಹಿಂದೇನೇ ನಿಂತಿದ್ದೆ. ಮೂರು ಸಲ ಕೂಗಿದ್ರು. ಹೊಟ್ಟೆ ಉರೀತಿತ್ತು, ತೆಗೀಲಿಲ್ಲ. ಆಮೇಲಾಮೇಲೆ… ಯಾವ ಮುಖ ಇಟ್ಕೊಂಡು ಬರ್ಲಿ?”

ಹನ್ನೆರಡು ವರ್ಷದ ಮಾತು ಮೇಷ್ಟ್ರ ಹೆಂಡತಿಯ ನಾಲಿಗೆಯ ತುದಿಗೆ ಬಂತು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಹತ್ತಮ್ಮ.”

ವ್ಯಾನು ಹೊರಟಿತು. ಹಳ್ಳ ಬಿದ್ದ ರಸ್ತೆಯಲ್ಲಿ ಮೇಷ್ಟ್ರ ತಲೆ ಅತ್ತಿತ್ತ ಹೊರಳತೊಡಗಿತು. ಅವಳು ಕೆಳಗೆ ಕೂತು, ಫಿನಾಯಿಲ್ ವಾಸನೆಯ ಎರಡೂ ಅಂಗೈಗಳಲ್ಲಿ ಆ ತಲೆಯನ್ನು ಅಲುಗದಂತೆ ಹಿಡಿದುಕೊಂಡಳು.

“ನಿಧಾನ ಹೋಗಪ್ಪಾ,” ಎಂದಳು ಚಾಲಕನಿಗೆ.