ಕರಿಯ ಮುಚ್ಚಳದ ಮೇಲಿನ ನಾಮ

ದಿವ್ಯಾ ಹೋದ ಎಂಟನೆಯ ತಿಂಗಳಲ್ಲಿ ಹೇಮಾಶ್ರೀ ಕರೆಂಟಿನ ಕಾರು ತಂದಳು. ತಂದಳು ಎನ್ನುವುದಕ್ಕಿಂತ ನಾನು ಹಟ ಹಿಡಿದು ತರಿಸಿದೆ. ನನ್ನ ದೊಡ್ಡ ಮಗಳು ಅವಳು. ಅರಸೀಕೆರೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಗ್ಗೆ ಏಳೂವರೆಗೆಲ್ಲ ಜನ ಬರಿಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ. ಹಳೇಬೀಡಿನಿಂದ ಆ ಹೊತ್ತಿಗೆ ತಲುಪಿಸುವ ಬಸ್ಸು ಇಲ್ಲ. ಅದೇ ರಸ್ತೆಯಲ್ಲಿ, ಜಾವಗಲ್ಲಿನ ಈಚೆಗೆ, ಹಿಂದೀಪವಿಲ್ಲದೆ ನಿಂತಿದ್ದ ತೆಂಗಿನಕಾಯಿ ಲಾರಿಗೆ ನನ್ನ ಚಿಕ್ಕ ಮಗಳು ದಿವ್ಯಾಳ ಸ್ಕೂಟರ್ ಬಡಿದಿತ್ತು. ಅವಳಿಗೆ ಇಪ್ಪತ್ತಾರು ವರ್ಷ. ಮಕ್ಕಳ ತಾಯಿ ಮೊದಲೇ ತೀರಿಕೊಂಡಿದ್ದರಿಂದ ಈ ಸುದ್ದಿಯನ್ನು ಅವಳು ಕೇಳಬೇಕಾಗಲಿಲ್ಲ. ಅದೊಂದಕ್ಕೆ ಸ್ವಾಮಿಗೆ ಕೈಮುಗಿದೆ.

ಕಾರು ಮಾರುವವನನ್ನು ನಾನು ಒಂದೇ ಪ್ರಶ್ನೆ ಮೂರು ಸಲ ಕೇಳಿದ್ದೆ. ಮುಂದೆ ಏನಾದರೂ ಅಡ್ಡ ನಿಂತಿದ್ದರೆ, ಮಗು ನೋಡದೆ ಹೋದರೆ, ಗಾಡಿ ತಾನೇ ಬ್ರೇಕ್ ಹಾಕುತ್ತದೆಯೇ? ಹಾಕುತ್ತದೆ ಎಂದ. ಎದುರಿನ ಗಾಜಿನ ಒಳಗೆ ಮೇಲುಗಡೆ ಒಂದು ಕ್ಯಾಮೆರಾ ಇದೆ, ಕೆಳಗೆ ಬಂಪರಿನ ನಡುವೆ ರಾಡಾರ್ ಎಂಬುದಿದೆ, ಕ್ಯಾಮೆರಾಕ್ಕೆ ಕಾಣದ್ದು ಮಂಜಿನಲ್ಲೂ ಅದಕ್ಕೆ ತಿಳಿಯುತ್ತದೆ, ಎರಡೂ ಸೇರಿ ಕಾಯುತ್ತವೆ ಎಂದ. ನಾನು ನಂಬಿದೆ.

ಯಂತ್ರವನ್ನಷ್ಟೇ ನಂಬಿ ಕೂರುವವನಲ್ಲ ನಾನು. ದಿವ್ಯಾಳ ಬೆಳ್ಳಿಯ ಕಾಲುಗೆಜ್ಜೆ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ಕರಗಿಸಿ, ಅಂಗೈಯಗಲದ ತಗಡು ಮಾಡಿಸಿ, ಮೇಲೆ ವೆಂಕಟರಮಣನ ನಾಮ ಮೂಡಿಸಿದೆ. ಕಾಲಿನ ಬೆಳ್ಳಿ ದೇವರಿಗೆ ಆದೀತೇ ಎಂದು ಅರ್ಚಕರನ್ನು ಕೇಳಿದ್ದಕ್ಕೆ, ಬೆಂಕಿ ಕಂಡ ಬೆಳ್ಳಿಗೆ ಮೈಲಿಗೆ ಇಲ್ಲ ಎಂದರು. ಮಾಲೇಕಲ್ಲು ತಿರುಪತಿಯ ಬೆಟ್ಟದ ಮೆಟ್ಟಿಲುಗಳನ್ನು ಕೂತು ಕೂತು ಹತ್ತಿ, ತಗಡನ್ನು ಸ್ವಾಮಿಯ ಪಾದದಲ್ಲಿಡಿಸಿ ತಂದೆ. ಕಾರಿನ ಮುಂಭಾಗದಲ್ಲಿ, ಬಂಪರಿನ ನಡುವೆ, ನುಣುಪಾದ ಒಂದು ಕರಿಯ ಚೌಕ ಮುಚ್ಚಳವಿತ್ತು. ಗೋಡೆಯಲ್ಲಿ ದೀಪದ ಗೂಡು ಇರುವ ಹಾಗೆ, ನಾಮಕ್ಕೆಂದೇ ಬಿಟ್ಟ ಜಾಗದಂತೆ ನನಗೆ ಕಂಡಿತು. ಎರಡು ಕಡೆಯೂ ಅಂಟುವ ಟೇಪು ತಂದು ಅಲ್ಲಿಗೇ ಅಂಟಿಸಿದೆ. ಹೇಮಾ ದಿನವೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡುತ್ತಿದ್ದಳು. ಅವಳು ದೇವರನ್ನು ಮುಟ್ಟುತ್ತಿದ್ದಳೋ ತಂಗಿಯನ್ನೋ ನಾನು ಕೇಳಲಿಲ್ಲ.

ಎರಡನೆಯ ದಿನವೇ ಸ್ಟೇರಿಂಗಿನ ಹಿಂದಿನ ಪರದೆಯಲ್ಲಿ ಹಳದಿ ಅಕ್ಷರ ಬಂತು. ಮುಂದಿನ ಸೆನ್ಸರಿಗೆ ಅಡ್ಡಿಯಾಗಿದೆ, ಒರೆಸಿರಿ, ತಾನಾಗಿ ಬ್ರೇಕ್ ಹಾಕುವುದು ಸದ್ಯಕ್ಕೆ ನಿಂತಿದೆ ಎಂದು ಹೇಮಾ ಓದಿ ಹೇಳಿದಳು. ಪೂಜೆಯ ಅರಿಶಿನ ಕುಂಕುಮದ ಪುಡಿ ಇರಬೇಕೆಂದು ಎದುರಿನ ಗಾಜನ್ನು ಒಳಗೂ ಹೊರಗೂ ಒರೆಸಿದೆವು. ಹೋಗಲಿಲ್ಲ. ಧನುರ್ಮಾಸದ ಮಂಜು ಇರಬೇಕೆಂದು ನಾಲ್ಕು ದಿನ ನೋಡಿದೆವು. ಬಿಸಿಲಿನಲ್ಲೂ ಹೋಗಲಿಲ್ಲ.

ಹಾಸನದ ವರ್ಕ್‌ಶಾಪಿಗೆ ನಾನೂ ಜೊತೆಗೆ ಹೋದೆ. ಹೊರಡುವ ಮುನ್ನ ತಗಡಿನ ಹಿಂದೆ ನೂಲು ಎಳೆದು ಅಂಟು ಬಿಡಿಸಿ, ನಾಮವನ್ನು ದೇವರಮನೆಯಲ್ಲಿಟ್ಟೆ. ವರ್ಕ್‌ಶಾಪಿನಲ್ಲಿ ಚಪ್ಪಲಿಯ ಕಾಲು, ಎಂಜಲು ಕೈ, ಗಾಡಿ ತೊಳೆದ ಕೊಳೆನೀರು. ಸ್ವಾಮಿಯನ್ನು ಅಂಥ ಕಡೆ ಕೊಂಡೊಯ್ಯಲು ಮನಸ್ಸು ಬರಲಿಲ್ಲ. ಹಾಸನ ಸೇರುವಷ್ಟರಲ್ಲಿ ಹಳದಿ ಅಕ್ಷರ ಮಾಯವಾಗಿತ್ತು.

ಅಲ್ಲಿ ಮೀನಾಕ್ಷಿ ಎಂಬ ಹುಡುಗಿ ಲ್ಯಾಪ್‌ಟಾಪಿನಿಂದ ಗಾಡಿಗೆ ತಂತಿ ಜೋಡಿಸಿದಳು. ಎದುರಿಗೆ ಕಪ್ಪು ಬಿಳುಪು ಚೌಕದ ಹಲಗೆ ನಿಲ್ಲಿಸಿ ಕ್ಯಾಮೆರಾದ ದೃಷ್ಟಿ ಸರಿಯಿದೆಯೇ ಎಂದು ಅಳೆದಳು.

"ಈಗ ಏನೂ ತೊಂದ್ರೆ ಇಲ್ಲ ಸಾರ್. ಹಳೇದು ಮಾತ್ರ ದಾಖಲಾಗಿದೆ. ಕ್ಲೀನಾಗಿದೆ ಗಾಡಿ."

ಮನೆಗೆ ಬಂದು, ಸ್ನಾನ ಮಾಡಿ, ಹೊಸ ಟೇಪು ಹಾಕಿ ನಾಮವನ್ನು ಮತ್ತೆ ಏರಿಸಿದೆ. ಮಾರನೆಯ ದಿನ ಹಳದಿ ಅಕ್ಷರ ಮತ್ತೆ ಬಂತು. ಹತ್ತು ದಿನದ ಮೇಲೆ ಮತ್ತೆ ಹಾಸನ. ಮತ್ತೆ ನಾಮ ಇಳಿಸಿದೆ, ಮತ್ತೆ ಅಕ್ಷರ ಮಾಯ. ಈ ಸಲ ಮೀನಾಕ್ಷಿ ನಕ್ಕುಬಿಟ್ಟಳು. "ನಮ್ಮತ್ರ ಬಂದ್ರೆ ಸರಿಹೋಗತ್ತೆ, ನಿಮ್ಮೂರಿಗೆ ಹೋದ್ರೆ ಕೆಡತ್ತೆ. ನಿಮ್ಮನೇಲೇ ಏನೋ ಇದೆ ಸಾರ್!"

ತಮಾಷೆಗೆ ಅಂದ ಮಾತು. ಅದು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ನಮ್ಮ ಮನೆಯಲ್ಲೇ ಏನೋ ಇದೆ. ಹೆಂಡತಿ ಹೋದಳು, ಮಗಳು ಹೋದಳು. ಸ್ವಾಮಿ ಇನ್ನೊಂದು ಕೇಡನ್ನು ಮೊದಲೇ ತಿಳಿಸುತ್ತಿದ್ದಾನೆಯೇ? ಶನಿವಾರದ ಒಪ್ಪತ್ತಿನ ಜೊತೆಗೆ ಸೋಮವಾರವೂ ಉಪವಾಸ ಹಿಡಿದೆ. ನಾಮವನ್ನು ಕಾರಿಗೆ ಮತ್ತೆ ಅಂಟಿಸಿ, ಎರಡು ಹೊತ್ತು ಹೂವೇರಿಸಿದೆ. ಮರಳಿ ಬಂದ ಹಳದಿ ಅಕ್ಷರ ಹೋಗಲಿಲ್ಲ.

ಒಂದು ಗುರುವಾರ ಹೇಮಾ ಸಂಜೆ ಬಂದವಳು ಕಾರಿನಿಂದ ಇಳಿಯಲೇ ಇಲ್ಲ. ನಾನೇ ಹೋಗಿ ಬಾಗಿಲು ತೆಗೆದೆ.

"ಬೆಳಗ್ಗೆ ಮಂಜಲ್ಲಿ ಹುಲ್ಲಿನ ಟ್ರ್ಯಾಕ್ಟರ್ ಅಪ್ಪಾ. ಟ್ರೇಲರಿಗೆ ಒಂದು ದೀಪ ಇಲ್ಲ. ಗಾಡಿ ಕೂಗಲೂ ಇಲ್ಲ, ನಿಲ್ಲಲೂ ಇಲ್ಲ. ನಾನೇ ತುಳಿದೆ. ಇಷ್ಟೇ ಇಷ್ಟು ಉಳೀತು." ಎರಡು ಬೆರಳಿನ ಸಂದು ತೋರಿಸಿದಳು. "ನಾಮ ಅಂಟ್ಸಿದೀಯಲ್ಲ, ಅವನಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಕೆಲಸ ಬಿಟ್ಟುಬಿಡು ತಾಯಿ."

"ಬಿಟ್ಟು? ನೀನು ನನ್ನ ಮುಖ, ನಾನು ನಿನ್ನ ಮುಖ ನೋಡ್ಕೊಂಡು, ಇಬ್ರೂ ಅವಳ ಫೋಟೋ ನೋಡ್ಕೊಂಡು ಕೂರೋಣ್ವಾ? ಆಗಲ್ಲ ಅಪ್ಪಾ. ಸತ್ತೇಹೋಗ್ತೀನಿ ನಾನು."

ಮಾರನೆಯ ಬೆಳಗ್ಗೆ ನಾನು ಕಾರಿನ ಕೀಲಿಯನ್ನು ರಾಗಿಯ ಡಬ್ಬದಲ್ಲಿ ಹೂತಿಟ್ಟೆ. ಮೂವತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಕಳ್ಳನಾದೆ. ಅವಳು ಹುಡುಕಿ ಹುಡುಕಿ ಕೊನೆಗೆ ನನ್ನ ತೋಳಿನ ಮೇಲಿದ್ದ ರಾಗಿಯ ಧೂಳು ನೋಡಿದಳು. ಏನೂ ಅನ್ನದೆ ಡಬ್ಬಕ್ಕೆ ಕೈಹಾಕಿ ಕೀಲಿ ತೆಗೆದುಕೊಂಡು ಹೋದಳು. ಆ ದಿನ ಅವಳು ತಲುಪಿದೆನೆಂದು ಫೋನ್ ಮಾಡುವವರೆಗೆ ನಾನು ನಡುಮನೆಯ ಕಂಬ ಹಿಡಿದು ನಿಂತೇ ಇದ್ದೆ. ಕೂತರೆ ಏನೋ ಆಗಿಬಿಡುತ್ತದೆ ಅನ್ನಿಸುತ್ತಿತ್ತು.

ಆಮೇಲೆ ಚೇತನ್‌ಕುಮಾರನಿಗೆ ಫೋನ್ ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿ. ಅರಸೀಕೆರೆಯಲ್ಲಿ ಕರೆಂಟಿನ ಗಾಡಿಗಳನ್ನು ರಿಪೇರಿ ಮಾಡುತ್ತಾನೆ. ಎಲ್ಲವನ್ನೂ ಕೇಳಿ ಹೇಳಿದ:

"ಗಾಡಿ ಊರು ಬಿಟ್ರೆ ಸರಿಹೋಯ್ತದೆ ಅಂದ್ರೆ ನಾನೇ ನಿಮ್ಮೂರಿಗೆ ಬತ್ತೀನಿ ಮೇಷ್ಟ್ರೇ. ಭಾನುವಾರ. ಅಲ್ಲಿಗಂಟ ತೊಳೀಬೇಡಿ, ಒರಸ್ಬೇಡಿ. ಹೆಂಗೈತೋ ಹಂಗೇ ಇರ್ಲಿ."

ಭಾನುವಾರ ಬೈಕಿನಲ್ಲಿ ಬಂದ. ಹೊಟ್ಟೆ ಬಂದಿದೆ, ಮೀಸೆ ಬಂದಿದೆ, ಮಾತು ಮಾತ್ರ ಹಳೆಯದೇ. "ಮಗ್ಗಿ ತಪ್ಪಿದ್ರೆ ನನ್ ಕಿವಿ ಹಿಂಡ್ತಿದ್ರಿ. ಈಗ ನಿಮ್ ಕಾರಿನ ಕಿವಿ ಹಿಂಡಕ್ಕೆ ನಾನೇ ಬೇಕಾಯ್ತಲ್ಲ!" ಹೇಮಾ ಬಹಳ ದಿನದ ಮೇಲೆ ನಕ್ಕಳು. ಅವನು ಅಂಗಳದಲ್ಲಿ ಗೋಣಿತಾಟು ಹಾಸಿ, ಲ್ಯಾಪ್‌ಟಾಪು ತೆಗೆದ. ಇನ್ನೇನು ಚಪ್ಪಲಿ ಕಾಲಿನಲ್ಲೇ ಬಂಪರಿನ ಕೆಳಗೆ ನುಗ್ಗುತ್ತಾನೆ ಎಂದು ನಾನು ನೂಲಿನುಂಡೆ ಹಿಡಿದು ಮುಂದೆ ಬಂದು, ತಗಡಿನ ಹಿಂದಕ್ಕೆ ಎಳೆ ತೂರಿಸಿದೆ.

"ಏನ್ಮಾಡ್ತಿದೀರಿ ಮೇಷ್ಟ್ರೇ?"

"ನಾಮ ತೆಗೀತಿದೀನಪ್ಪ. ನೀನು ಚಪ್ಪಲಿ ಹಾಕಿದೀಯ."

ಅವನು ಚಪ್ಪಲಿ ಬಿಟ್ಟು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ತಗಡನ್ನು ನೋಡಿದ. ಕೈ ಮುಗಿದ. ಆಮೇಲೆ ಬಹಳ ಮೆಲ್ಲಗೆ ಕೇಳಿದ.

"ಹಾಸನಕ್ಕೆ ಹೋದಾಗ್ಲೂ ತೆಗ್ದಿದ್ರಾ?"

"ಎರಡು ಸಲಾನೂ."

"ತಿರುಗಿ ಬಂದು ಹಾಕಿದ್ರಿ."

"ಸ್ನಾನ ಮಾಡಿ ಹಾಕಿದೆ."

ಅವನು ಹೇಮಾಳ ಮುಖ ನೋಡಿದ, ನನ್ನ ಮುಖ ನೋಡಿದ, ನೆಲ ನೋಡಿದ. ಕಂಡವನ ತಪ್ಪನ್ನು ಬಾಯಿತುಂಬ ಆಡಿಕೊಳ್ಳುವ ಹುಡುಗ ಅವನು. ಈಗ ತಗಡಿನ ಅಂಚಿಗೆ ಬೆರಳು ತಾಗಿಸಿ, ದನಿ ತಗ್ಗಿಸಿದ.

"ಈ ಕರಿ ಮುಚ್ಚಳದ ಹಿಂದೇನೇ ರಾಡಾರ್ ಇರೋದು ಮೇಷ್ಟ್ರೇ. ಪ್ಲಾಸ್ಟಿಕ್ಕನ್ನ ಅದು ದಾಟ್ತದೆ. ಬೆಳ್ಳಿನ ದಾಟಕ್ಕಾಗಲ್ಲ. ಇದು ಅಂಟಿರೋಗಂಟ ಗಾಡಿಗೆ ಮುಂದೆ ಏನೈತೆ ಅಂತ ಗೊತ್ತಾಗಲ್ಲ."

ನಾನು ಮಣ್ಣಿನ ಮೇಲೆ ಕೂತುಬಿಟ್ಟೆ. ಗುರುವಾರದ ಆ ಎರಡು ಬೆರಳಿನ ಸಂದು ಕಣ್ಣ ಮುಂದೆ ಬಂತು. ಇರುವ ಮಗಳನ್ನು ಕಾಯಲೆಂದು, ತೀರಿಹೋದ ಮಗಳ ಗೆಜ್ಜೆಯನ್ನು ಕರಗಿಸಿದವನು ನಾನು. ಅದನ್ನೇ ತಂದು ಅಡ್ಡ ಇಟ್ಟವನೂ ನಾನು.

"ಒಂಚೂರು ಪಕ್ಕಕ್ಕೆ ಹಾಕಿದ್ರೆ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಒಂದು ಬೆರಳು ಆಚೆಗೆ? ಚೇತನಾ, ಅದು ದಿವ್ಯಾದು ಕಣಪ್ಪ."

"ಬೇಡ ಮೇಷ್ಟ್ರೇ. ಹೂವೂ ಬೇಡ, ಗಂಧಾನೂ ಬೇಡ. ಆ ಜಾಗದಲ್ಲಿ ಏನೂ ಇರಬಾರ್ದು."

ಹೇಮಾ ಬಂದು ಎದುರಿಗೆ ಕೂತಳು. ಬಯ್ಯುತ್ತಾಳೆಂದುಕೊಂಡೆ, ಬಯ್ದಿದ್ದರೆ ಹಗುರವಾಗುತ್ತಿತ್ತು. ಅವಳು ನೂಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದಳು. "ಎಳಿ ಅಪ್ಪಾ." ಇಬ್ಬರೂ ಗರಗಸದಂತೆ ಅತ್ತಿತ್ತ ಎಳೆದೆವು. ತಗಡು ಕಳಚಿ ಅವಳ ಮಡಿಲಿಗೆ ಬಿತ್ತು. ಉಳಿದ ಅಂಟನ್ನು ಚೇತನ್ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ತೆಗೆದ. ಮೂವರೂ ಕಾರಿನಲ್ಲಿ ಬೇಲೂರು ರಸ್ತೆಯಲ್ಲಿ ಒಂದಿಷ್ಟು ದೂರ ಹೋಗುವಷ್ಟರಲ್ಲಿ ಹಳದಿ ಅಕ್ಷರ ಅಳಿಸಿಹೋಯಿತು.

ಸೋಮವಾರ ಮಂಜು ಇನ್ನೂ ದಟ್ಟವಾಗಿತ್ತು. ಅವಳು ಹೋದಳು. ನಾನು ಕಂಬ ಹಿಡಿದೆ. ಎಂಟು ಗಂಟೆಯಾದರೂ ಫೋನಿಲ್ಲ. ಎಂಟೂಕಾಲು. ಸ್ವಾಮಿಯ ಹೆಸರು ಬಾಯಿಗೆ ಬರಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಎಂಟೂವರೆಗೆ ಫೋನ್ ಬಂತು.

"ಬಂದ ತಕ್ಷಣ ಜನ ಮುತ್ಕೊಂಡ್ರು, ಅದಕ್ಕೇ ತಡ. ಅಪ್ಪಾ, ದಾರೀಲಿ ಗಾಡಿ ತಾನೇ ಬ್ರೇಕ್ ಹಾಕಿ ನಿಂತುಬಿಡ್ತು. ಆ ಏಟಿಗೆ ನನ್ನ ಕುತ್ತಿಗೆ ಹಿಡ್ಕೊಂಡಿದೆ. ನಾನು ನೋಡೇ ಇರ್ಲಿಲ್ಲ. ಎಮ್ಮೆ."

"ಎಮ್ಮೆಗೇನೂ ಆಗ್ಲಿಲ್ವಾ?" ಎಂದೆ.

"ಇಲ್ಲ. ನನ್ನೇ ಗುರಾಯಿಸ್ಕೊಂಡು ಹೋಯ್ತು."

ತಗಡು ಈಗ ಪೆಟ್ಟಿಗೆಯಲ್ಲಿದೆ, ಗೆಜ್ಜೆ ಇದ್ದ ಜಾಗದಲ್ಲೇ. ಅಲ್ಲಾಡಿಸಿದರೆ ಸದ್ದಾಗುವುದಿಲ್ಲ. ಅದನ್ನು ಕರಗಿಸಿದ್ದಕ್ಕೆ ನನಗೆ ಸಮಾಧಾನವಿಲ್ಲ, ಎಂದೂ ಬರಲಾರದು. ಬೆಳಗ್ಗೆ ಸ್ನಾನವಾದ ಮೇಲೆ ದೇವರಮನೆಗೆ ಹೋಗುವ ಮೊದಲು ಅಂಗಳಕ್ಕೆ ಹೋಗುತ್ತೇನೆ. ಮಡಿಯ ಬಟ್ಟೆಯ ತುಂಡಿನಿಂದ ಆ ಕರಿಯ ಮುಚ್ಚಳವನ್ನು ಒರೆಸುತ್ತೇನೆ. ಇಬ್ಬನಿಯ ಒಂದು ಹನಿಯೂ ಉಳಿಯಬಾರದು. ಏನೂ ಹಚ್ಚುವುದಿಲ್ಲ, ಏನೂ ಇಡುವುದಿಲ್ಲ.

"ಸಾಕು ಬಿಡಪ್ಪಾ," ಎನ್ನುತ್ತಾಳೆ ಹೇಮಾ, ಕಾರಿನೊಳಗೆ ಕಾದು ಕೂತು. "ಸವೆದುಹೋಗತ್ತೆ ಅದು."

ನಾನು ಇನ್ನೊಂದು ಸಲ ಒರೆಸುತ್ತೇನೆ.