ಹಲಸಿನ ಹಣ್ಣು ಇಳಿಸಿದ ಪ್ರಸಂಗ

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಗಾದೆ ಕಟ್ಟಿದವರು ಉದಯಶಂಕರ ಭಟ್ಟರನ್ನು ನೋಡಿರಲಿಲ್ಲ. ವೇಷವಿಲ್ಲದೆ, ಕೂತಲ್ಲೇ ಮಾತಿನಿಂದ ಕತೆ ಕಟ್ಟುವ ತಾಳಮದ್ದಲೆಯಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು ಅವರು. ಎದುರು ಕೂತವರಿಗೆ ಬಾಯಿ ತೆರೆಯಲು ಬಿಟ್ಟದ್ದು ಕಡಿಮೆ. ಎರಡು ವರ್ಷದ ಹಿಂದೆ ಒಂದು ಕೂಟದಲ್ಲಿ ಬಾಣ ತಾಗಿ ಸಾಯುವ ಪಾತ್ರ ಅವರ ಪಾಲಿಗೆ ಬಂತು. ಬಾಣ ತಾಗಿತು. ಭಟ್ಟರು ಒಂದೂವರೆ ಗಂಟೆ ಸಾಯಲಿಲ್ಲ. ಬಾಣ ಬಿಟ್ಟ ಪಾತ್ರದವನು ಮೈಕು ಕೆಳಗಿಟ್ಟು ಮನೆಗೆ ಹೋದ. ಕೂಟ ನಡೆಸುವ ವಿಷ್ಣುಪ್ರಸಾದ್ ಮತ್ತೆ ಅವರನ್ನು ಕರೆಯಲಿಲ್ಲ. ಅವನು ಬಿಟ್ಟವರನ್ನು ಪುತ್ತೂರಿನ ಸುತ್ತಮುತ್ತ ಬೇರೆ ಯಾರೂ ಕರೆಯುವುದಿಲ್ಲ.

ಹಾಗಿರುವಾಗ ಹತ್ತಿರದ ಕಬಕ ಊರಿನ ಒಂದು ಶಾಲೆಯಿಂದ ಗೋದಾವರಿ ಟೀಚರ್ ಬಂದರು. ಎರಡನೇ ಕ್ಲಾಸಿನ ಮಕ್ಕಳಿಗೆ ಒಟ್ಟಾಗಿ ಕತೆ ಹೇಳುವುದನ್ನು ಕಲಿಸಬೇಕಂತೆ. ಹಾಳೂರಿಗೆ ಉಳಿದವನೇ ಗೌಡ ಎಂದುಕೊಂಡ ಭಟ್ಟರು ಇಲ್ಲ ಎನ್ನುವವರಿದ್ದರು. ಅಷ್ಟರಲ್ಲಿ ಟೀಚರ್, “ವಾರ್ಷಿಕೋತ್ಸವಕ್ಕೆ ವಿಷ್ಣುಪ್ರಸಾದ್ ಅಧ್ಯಕ್ಷರು ಭಟ್ರೇ” ಎಂದರು.

ಮರುದಿನವೇ ಭಟ್ಟರು ಶಾಲೆಯಲ್ಲಿದ್ದರು. ತನ್ನ ಶಿಷ್ಯರ ಮಾತು ಕೇಳಿದ ಮೇಲೆ ವಿಷ್ಣುಪ್ರಸಾದ್ ತನ್ನನ್ನು ಹೇಗೆ ಕರೆಯದೆ ಇರುತ್ತಾನೆ, ನೋಡೇ ಬಿಡೋಣ ಎಂಬುದು ಅವರ ಲೆಕ್ಕ.

ಟೀಚರ್ ಯೋಚಿಸಿಟ್ಟ ಕತೆ ಸಣ್ಣದು. ಮರದ ತುದಿಯಲ್ಲಿ ಒಂದು ಹಲಸಿನ ಹಣ್ಣು. ಕೆಳಗೆ ಮಂಗ, ಆನೆ, ಆಮೆ. ಒಬ್ಬರಿಂದ ಆಗದ್ದನ್ನು ಮೂವರೂ ಸೇರಿ ಮಾಡಬೇಕು. ಮಂಗ ಕೌಶಲ್, ಆನೆ ಮಿದ್ಲಾಜ್, ಆಮೆ ಸಮನ್ವಿತಾ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಕತೆ ಮುಂದುವರಿಸಬೇಕು, ಬಾಯಿಪಾಠ ಇಲ್ಲ. ಭಟ್ಟರು ಮಕ್ಕಳಿಗೆ ತಮ್ಮ ವಿದ್ಯೆಯನ್ನು ಧಾರಾಳವಾಗಿಯೇ ಎರೆದರು. ಎದುರಿನವನ ಮಾತನ್ನೇ ಹಿಡಿದು ತಿರುಗಿಸಿ ಕೇಳಬೇಕು, ಒಪ್ಪಿಕೊಂಡವ ಕೆಟ್ಟ. ಮಕ್ಕಳಿಗೆ ಇದು ಅನ್ನ ಉಂಡಷ್ಟು ಸುಲಭವಾಗಿ ಬಂತು.

“ಭಟ್ರೇ, ನಾಲ್ಕು ದಿನ ಆಯ್ತು, ಹಣ್ಣು ಇನ್ನೂ ಮರದಲ್ಲೇ ಉಂಟು” ಎಂದರು ಟೀಚರ್. “ಇವರಿಗೆ ಸೇರಿ ಕೆಲಸ ಮಾಡುದು ಕಲಿಸಿ ಅಂತ ನಾನು ಹೇಳಿದ್ದು.”

“ಮಾತು ಬರ್ಲಿ ಟೀಚರ್. ಹಣ್ಣು ಎಲ್ಲಿಗೆ ಹೋಗ್ತದೆ?”

ವಾರ್ಷಿಕೋತ್ಸವದ ದಿನವೂ ಹಣ್ಣು ಎಲ್ಲಿಗೂ ಹೋಗಲಿಲ್ಲ. ಮಂಗ ಮರ ಹತ್ತುತ್ತೇನೆ ಎಂದರೆ ಆನೆ, “ಮರ ನಿನ್ನ ಅಜ್ಜನದ್ದಾ?” ಎಂದು ಕೇಳಿತು. ಆನೆ ಹೊರುತ್ತೇನೆ ಎಂದರೆ ಆಮೆ, “ಹೊತ್ತುಕೊಂಡು ಓಡಿಹೋದರೆ?” ಎಂದಿತು. ಮೊದಲು ಸಭೆ ನಕ್ಕಿತು. ಹತ್ತು ನಿಮಿಷದ ಮೇಲೆ ಆಕಳಿಸಿತು. ಮಿದ್ಲಾಜನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕತೆ ಕೆಸರಲ್ಲಿ ಹೂತಿದೆ ಎಂದು ಅವನಿಗೂ ಗೊತ್ತು, ಎತ್ತುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ಟೀಚರ್ ಪರದೆಯ ಬದಿಯಲ್ಲಿದ್ದ ಭಟ್ಟರ ಕೈಗೆ ಮೈಕು ಕೊಟ್ಟರು. ಭಟ್ಟರು ಮಕ್ಕಳ ನಡುವೆ ಬಂದು ಕೂತರು.

“ನಾನು ಹಲಸಿನ ಮರ” ಎಂದರು. ಎರಡು ವರ್ಷದ ಮೇಲೆ ಮೈಕಿನಲ್ಲಿ ತಮ್ಮ ಸ್ವರ ಕೇಳಿ ಅವರಿಗೆ ಮೈ ಜುಂ ಎಂದಿತು. ಮುಂದಿನ ಸಾಲಿನಲ್ಲಿ ವಿಷ್ಣುಪ್ರಸಾದ್ ನೆಟ್ಟಗೆ ಕೂತ.

ಸಮನ್ವಿತಾ ಬಿಡುತ್ತಾಳೆಯೇ? “ಮರವೇ, ನಿನಗೆ ತಿನ್ಲಿಕ್ಕೆ ಬಾಯಿ ಇಲ್ಲ. ಮತ್ತೆ ಹಣ್ಣನ್ನು ಅಷ್ಟು ಮೇಲೆ ಇಟ್ಟುಕೊಂಡದ್ದು ಎಂತಕ್ಕೆ?”

ಉತ್ತರಗಳು ಭಟ್ಟರ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿದವು. ಮರದ ಧರ್ಮ, ಕೊಡುವವನ ಎತ್ತರ, ಪಡೆಯುವವನ ಯೋಗ್ಯತೆ: ಅರ್ಧ ಗಂಟೆಗೆ ಸಾಕಾಗುವ ಸರಕು. ಒಂದು ಉಸಿರು ಎಳೆದುಕೊಂಡರು. ಮಿದ್ಲಾಜ್ ಅವರನ್ನೇ ನೋಡುತ್ತಿದ್ದ.

“ನನ್ನ ಹತ್ರ ಉತ್ತರ ಇಲ್ಲ ಮಗಾ” ಎಂದರು ಭಟ್ಟರು. “ನೀನು ಕೇಳಿದ್ದು ಸರಿ. ಹಣ್ಣು ಹೇಗೆ ಇಳಿಸುದು ಅಂತ ನೀವೇ ಹೇಳಿ.”

ಮಕ್ಕಳು ಬೆಪ್ಪಾದರು. ಅಜ್ಜ ಸೋಲಬಹುದು ಎಂದು ಅವರು ಅಂದುಕೊಂಡಿರಲಿಲ್ಲ. ಸೋತ ಮೇಲೂ ಅಜ್ಜ ಅಲ್ಲೇ ಆರಾಮವಾಗಿ ಕೂತಿದ್ದದ್ದು ಇನ್ನೂ ಆಶ್ಚರ್ಯ.

“ಹಾಗಾದ್ರೆ... ನಾನು ಹತ್ತಿ ತೊಟ್ಟು ಕಚ್ಚುತ್ತೇನೆ” ಎಂದ ಕೌಶಲ್. ಮಿದ್ಲಾಜ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು, “ನಾನು ಸೊಂಡಿಲಲ್ಲಿ ಹಿಡಿತೇನೆ” ಎಂದ. ಆಮೆ ಅಡಿಯಲ್ಲಿ ತರಗೆಲೆ ಹರಡಿತು. ಎರಡು ನಿಮಿಷದಲ್ಲಿ ಹಣ್ಣು ಕೆಳಗಿತ್ತು. ಸಭೆ ಚಪ್ಪಾಳೆ ಹೊಡೆಯಿತು.

ಆಮೇಲೆ ಚಹಾ, ಗೋಳಿಬಜೆ. ವಿಷ್ಣುಪ್ರಸಾದ್ ತಟ್ಟೆ ಹಿಡಿದುಕೊಂಡೇ ಬಂದ.

“ಭಟ್ರೇ, ಮೈಕು ಹಿಡಿದಾಗ ನಾನು ಆಸೆ ಇಟ್ಟುಕೊಂಡಿದ್ದೆ ಮಾರಾಯ್ರೆ. ಮುಂದಿನ ತಿಂಗಳ ಕೂಟದಲ್ಲಿ ಒಂದು ಜಾಗ ಖಾಲಿ ಉಂಟು. ಆದ್ರೆ ಎಂತ ಮಾಡುದು, ಸಣ್ಣ ಹುಡುಗಿಯ ಪ್ರಶ್ನೆಗೇ ಉತ್ತರ ಹೊಳೀಲಿಲ್ಲ ನಿಮಗೆ. ಪ್ರಾಯ ಎಲ್ಲರಿಗೂ ಆಗ್ತದೆ ಬಿಡಿ.”

ಭಟ್ಟರು ಚಹಾದ ಲೋಟ ಕೆಳಗಿಟ್ಟರು. ಬೇಕೆಂದೇ ಸೋತೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಮೂರು ಮಕ್ಕಳೂ ಅಲ್ಲೇ ಪಕ್ಕದಲ್ಲಿ ನಿಂತು, ಕೈಯಲ್ಲಿ ಗೋಳಿಬಜೆ ಹಿಡಿದು, ಕಿವಿ ನಿಮಿರಿಸಿ ಕೇಳುತ್ತಿದ್ದರು.

“ಪ್ರಶ್ನೆ ಗಟ್ಟಿ ಇತ್ತು” ಎಂದರು ಭಟ್ಟರು. “ನನಗೆ ಗೊತ್ತಾಗ್ಲಿಲ್ಲ.”

ವಿಷ್ಣುಪ್ರಸಾದ್ ಸಮನ್ವಿತಾಳ ತಲೆ ಸವರಿದ. “ನೀನಾ ಇವರನ್ನು ಸೋಲಿಸಿದ್ದು?”

“ನಾನೊಬ್ಬಳೇ ಅಲ್ಲ” ಎಂದಳು ಅವಳು, ಉಳಿದಿಬ್ಬರ ಅಂಗಿ ಹಿಡಿದು ಹತ್ತಿರ ಎಳೆಯುತ್ತಾ. “ನಾವು ಮೂರು ಜನ.”